ಎಮ್ಮೆ ಮತ್ತು ಬೆಳ್ಳಿ ತಟ್ಟೆ

14 ಏಪ್ರಿಲ್ 2025, ಸೋಮವಾರ

ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಅತ್ತೆಯವರು ಇದರ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದರು. ಇಂದಿನಿಂದ ಇದು ನನಗೆ ಬೇಕು, ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಒಬ್ಬರು ಕಡಿಮೆಯಾಗಿದ್ದಾರೆ.

ಆಗಿದ್ದು ಇಷ್ಟು. ಇವರು ಬೆಳಿಗ್ಗೆ ಆಲ್ಬಮ್ ತರುವುದಿದೆ ಎಂದು ಕಲಬುರಗಿಗೆ ಹೋದರು. ಸಂಜೆ ಬಂದಾಗ ಕೈಯಲ್ಲಿ ಆಲ್ಬಮ್ ಇರಲಿಲ್ಲ, ಲ್ಯಾಪ್‌ಟಾಪ್ ಇತ್ತು. ಬೆಳ್ಳಿ ಬಣ್ಣದ್ದು, ಬಿಸಿ ರೊಟ್ಟಿಗಿಂತ ಒಂದು ಚೂರು ದಪ್ಪ. ನನ್ನ ಕೀಬೋರ್ಡನ್ನು ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದರು. ಆ ಜಾಗದಲ್ಲಿ ಇದನ್ನಿಟ್ಟು, ದೇವರಿಗೆ ಹೂ ಏರಿಸಿದವರಂತೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಇನ್ನ ನೀ ದಿನಾ ಕುಂತು ಕಣ್ಣು ಕೆಡಿಸ್ಕೊಳ್ಳೋದು ಬ್ಯಾಡ. ಇದು ತಾನೇ ಎಡಿಟ್ ಮಾಡ್ತದ. ನಿನಗ ಆರಾಮ," ಅಂದರು.

ನಾನು ಆರಾಮ ಕೇಳಿದ್ದೆನೇ? ಆಳಂದದಲ್ಲಿ ಈ ಸ್ಟುಡಿಯೊ ತೆರೆದ ದಿನದಿಂದ ಮದುವೆ ಶೂಟ್ ಮಾಡುವುದು ಇವರು, ಎಡಿಟ್ ಮಾಡುವುದು ನಾನು. ಅಫಜಲಪುರ, ಜೇವರ್ಗಿ ಕಡೆಯ ಜನರೂ ಹುಡುಕಿಕೊಂಡು ಬರುತ್ತಾರೆ. ಕ್ಯಾಮೆರಾ ಈಗ ಯಾರ ಹತ್ತಿರ ಇಲ್ಲ? ಕೂತು, ನೋಡಿ, ಕತ್ತರಿಸಿ, ಜೋಡಿಸುವ ಕೈ ಬೇಕಲ್ಲ. ಆ ಕೈ ನನ್ನದು. ಅಂಥವಳನ್ನು ಒಂದು ಮಾತು ಕೇಳಲಿಲ್ಲ. ಬಚ್ಚಲಿಗೆ ಬಕೆಟ್ ತರುವಾಗ ಯಾವ ಬಣ್ಣ ಎಂದು ಕೇಳುವ ಮನುಷ್ಯ, ಕಂಪ್ಯೂಟರ್ ತರುವಾಗ ಕೇಳಲಿಲ್ಲ.

ಸೀಜನ್ ಮುಗಿದ ಮೇಲೆ ನನ್ನ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಹಾಕುತ್ತಾರಂತೆ. ಅದು ಕಪ್ಪಗೆ ದಪ್ಪಗಿದೆ, ಫ್ಯಾನು ಶುರುವಾದರೆ ಗುರುಗುಡುತ್ತದೆ ಎಂದು ಇವರು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಿದ್ದಾರೆ. ಇರಲಿ. ಇವರದಕ್ಕೆ ನಾನು ಬೆಳ್ಳಿ ತಟ್ಟೆ ಎಂದು ಹೆಸರಿಟ್ಟೆ. ನೆಂಟರಿಗೆ ತೋರಿಸಲು ಚೆಂದ, ದಿನಾ ಉಣ್ಣಲು ಬರುವುದಿಲ್ಲ.

ತಪ್ಪಾಯಿತು ಅನ್ನುವ ತನಕ ಇವರ ಜೊತೆ ಮಾತು ಬಂದ್. ಮೊದಲು ಬಾಯಿ ಬಿಟ್ಟವರು ಸೋತ ಹಾಗೆ.

16 ಏಪ್ರಿಲ್, ಬುಧವಾರ

ಮಾತು ಬಂದ್ ಆದರೂ ಮನೆ ನಡೆಯಬೇಕಲ್ಲ, ಅದಕ್ಕೆ ನಡುವೆ ಅತ್ತೆಯವರಿದ್ದಾರೆ. ಊಟಕ್ಕೆ ಮೂವರೂ ಒಂದೇ ಚಾಪೆಯ ಮೇಲೆ ಕೂರುತ್ತೇವೆ. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಇವರು ಅತ್ತೆಯವರಿಗೆ ಹೇಳುತ್ತಾರೆ. ಅತ್ತೆಯವರು ನನ್ನ ಕಡೆ ತಿರುಗಿ ಉಪ್ಪು ಕಡಿಮೆಯಂತೆ ಅನ್ನುತ್ತಾರೆ. ತಾನೇ ಎಲ್ಲಾ ಮಾಡುವ ಯಂತ್ರ ತಂದಿದ್ದಾರಲ್ಲ, ಅದಕ್ಕೇ ಉಪ್ಪು ಹಾಕಲು ಹೇಳಿ ಎಂದೆ. ಅದನ್ನು ಅತ್ತೆಯವರು ದಾಟಿಸಲಿಲ್ಲ, ಉಪ್ಪಿನ ಡಬ್ಬಿಯನ್ನು ಮಗನ ಕಡೆ ಸರಿಸಿದರು.

ಅತ್ತೆಯವರ ಪಕ್ಷ ಯಾವುದು ಎಂದು ಒರೆಗೆ ಹಚ್ಚಿ ನೋಡಿದೆ. ಎರಡೂ ಅಲ್ಲ. ಅವರದು ಟಿವಿ ಪಕ್ಷ. ರಿಮೋಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಕವರನ್ನು ಇಂದಿಗೂ ಬಿಚ್ಚಲು ಬಿಟ್ಟಿಲ್ಲ. ಯಾವುದರಲ್ಲಿ ಬೇಕಾದರೂ ಎಡಿಟ್ ಮಾಡಿಕೊಳ್ಳಿ, ಕೊನೆಗೆ ಜನ ಮದುವೆ ನೋಡುವುದು ಟಿವಿಯಲ್ಲಿ ತಾನೇ ಎಂಬುದು ಅವರ ವಾದ.

19 ಏಪ್ರಿಲ್, ಶನಿವಾರ

ಇಂದು ಬಹಳ ಒಳ್ಳೆಯ ದಿನ. ಬೆಳ್ಳಿ ತಟ್ಟೆಗೆ ಪೆನ್‌ಡ್ರೈವ್ ಹಾಕಲು ಜಾಗವೇ ಇಲ್ಲ!

ಹಿರೋಳ್ಳಿಯಿಂದ ಒಬ್ಬರು ಪೆನ್‌ಡ್ರೈವ್ ಹಿಡಿದು ಬಂದು ನಿಂತಿದ್ದರು. ಇವರು ತಟ್ಟೆಯ ಎಡಗಡೆ ನೋಡಿದರು, ಬಲಗಡೆ ನೋಡಿದರು, ಮಗುಚಿ ಬೆನ್ನು ಸವರಿದರು. ಎರಡು ಸಣ್ಣ ತೂತುಗಳಿವೆ, ಅದರಲ್ಲಿ ಇರುವೆ ಹೋಗಬಹುದು. ಕೊನೆಗೆ ಅತ್ತೆಯವರ ಮೂಲಕ ಎಮ್ಮೆಯಲ್ಲಿ ಕಾಪಿ ಮಾಡಿಕೊಡುವಂತೆ ನನಗೆ ವಿನಂತಿ ಬಂತು. ಮಾಡಿಕೊಟ್ಟೆ, ನಿಧಾನವಾಗಿ. ಮಧ್ಯಾಹ್ನ ನಾಲ್ಕು ಬಾಲದ ಅಡಾಪ್ಟರ್ ಒಂದನ್ನು ತರಲು ಇವರು ಮತ್ತೆ ಕಲಬುರಗಿ ಬಸ್ ಹತ್ತಿದರು. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಕಣ್ಣಲ್ಲಿ ನೀರು ನೋಡಿ ಅತ್ತೆಯವರು ಏನಾಯಿತು ಅಂದರು. ಉಳ್ಳಾಗಡ್ಡಿ ಅಂದೆ.

24 ಏಪ್ರಿಲ್, ಗುರುವಾರ

ಪಕ್ಕದ ಅಂಗಡಿಯ ಯಾಸ್ಮೀನಳ ಹತ್ತಿರ ಕುಬಸ ಹೊಲಿಯಲು ಕೊಟ್ಟು ಎಲ್ಲ ಹೇಳಿಕೊಂಡೆ. ಅವಳ ಹತ್ತಿರ ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರವೂ ಇದೆ, ಮೋಟಾರಿನದೂ ಇದೆ. ಯಾವುದು ಒಳ್ಳೆಯದು ಎಂದೆ. ಉದ್ದ ಹೊಲಿಗೆಗೆ ಮೋಟಾರು, ಕುತ್ತಿಗೆ ತಿರುಗಿಸುವಾಗ ಕಾಲಿನದು ಎಂದಳು. ನನ್ನ ಪಕ್ಷಕ್ಕೆ ಸೇರುತ್ತಾಳೆ ಅಂದುಕೊಂಡಿದ್ದೆ, ನ್ಯಾಯ ಹೇಳಲು ಹೊರಟಳು. ಬೇಸರವಾಯಿತು.

ಇವರು ಹೊರಗೆ ಹೋದಾಗ ತಟ್ಟೆಯನ್ನು ತೆರೆದು ನೋಡಿದೆ, ಅದರ ತಪ್ಪು ಹುಡುಕಲು ಮಾತ್ರ. ಬೆರಳಿಡುವ ಜಾಗ ಬಲು ನುಣುಪು, ಹಿಡಿತವೇ ಸಿಗುವುದಿಲ್ಲ. ಇವರು ಅದರ ಮೇಲೆ ಹಣೆಗೆ ವಿಭೂತಿ ಹಚ್ಚುವವರಂತೆ ಬೆರಳು ಎಳೆಯುತ್ತಾರೆ. ಸದ್ದಂತೂ ಇಲ್ಲವೇ ಇಲ್ಲ, ಕೆಲಸ ಮಾಡುತ್ತಿದೆಯೋ ನಿದ್ದೆ ಹೋಗಿದೆಯೋ ಗೊತ್ತಾಗುವುದಿಲ್ಲ. ಬಣ್ಣ ಮಾತ್ರ ಸುಮಾರಾಗಿದೆ. ಎಮ್ಮೆಯಲ್ಲಿ ಮದುಮಗಳ ಸೀರೆ ಕೆಂಪು ಅಷ್ಟೇ. ಇದರಲ್ಲಿ ದಾಳಿಂಬೆ ಕೆಂಪು, ಅಂಚಿನ ಜರಿಯ ಒಂದೊಂದು ಎಳೆಯೂ ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿದೆ. ಎದುರಾಳಿಯ ಬಗ್ಗೆ ತಿಳಿದಿರುವುದು ಒಳ್ಳೆಯದು.

30 ಏಪ್ರಿಲ್, ಬುಧವಾರ

ಬಸವ ಜಯಂತಿ. ಕರಜಗಿಯಲ್ಲಿ ದೊಡ್ಡಪ್ಪ ಎಂಬ ರೈತರ ಮಗನ ಮದುವೆ. ಹೆಣ್ಣುಮಕ್ಕಳ ಕಡೆಯ ಕ್ಯಾಮೆರಾ ಮಾತ್ರ ಯಾವಾಗಲೂ ನನ್ನದು, ಆದ್ದರಿಂದ ಹೋಗಲೇಬೇಕು. ಬೈಕಿನ ಮೇಲೆ ಆಳಂದದಿಂದ ಕರಜಗಿವರೆಗೆ ಗಂಡನ ಬೆನ್ನ ಹಿಂದೆ ತುಟಿ ಬಿಚ್ಚದೆ ಕೂತಿದ್ದೆ. ಕಬ್ಬಿನ ಹೊಲಗಳ ನಡುವೆ ಒಂದು ಕಡೆ ಇವರು ನೀರು ಕುಡಿಯಲು ನಿಲ್ಲಿಸಿ, ಬಾಟಲಿಯನ್ನು ಮೊದಲು ನನಗೇ ಚಾಚಿದರು. ಕುಡಿದೆ. ನೀರು ಮಾತಲ್ಲ.

ಅಕ್ಕಿಕಾಳು ಬಿದ್ದು, ಊಟ ಮುಗಿದು, ಆಯೇರಿ ಶುರುವಾಯಿತು. ನಮ್ಮ ಕಡೆ ಮದುವೆಯ ಜೀವ ಇರುವುದೇ ಅಲ್ಲಿ. ಒಬ್ಬೊಬ್ಬ ನೆಂಟರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಾರೆ. ಅವರು ಬಂದು ಗಂಡಸರಿಗೆ ಟವಲ್ ಹೊದಿಸಿ ಟೋಪಿ ಇಡುತ್ತಾರೆ, ಹೆಂಗಸರಿಗೆ ಸೀರೆಯನ್ನೋ ಕುಬಸದ ಬಟ್ಟೆಯ ಕಣವನ್ನೋ ಉಡಿಗೆ ಹಾಕುತ್ತಾರೆ. ಮುಂದೆ ಆ ನೆಂಟರ ಮನೆಯ ಮದುವೆಗೆ ಹೋಗುವಾಗ ಈ ಮನೆಯವರು ವಿಡಿಯೊ ಹಾಕಿ ನೋಡಿ, ತಮಗೆ ಎಂಥ ಸೀರೆ ಬಂದಿತ್ತೋ ಅಂಥದನ್ನೇ ಒಯ್ಯುತ್ತಾರೆ. ತಾಳಿ ಕಟ್ಟುವುದು ಮಸುಕಾಗಿ ಬಂದರೆ ನಡೆದೀತು, ಆಯೇರಿಯಲ್ಲಿ ಒಬ್ಬರು ತಪ್ಪಿಹೋದರೂ ನಡೆಯುವುದಿಲ್ಲ.

ಮೈಕು ಒಂದು ಹೆಸರು ಕೂಗಿದಾಗ ಮಂಟಪದಲ್ಲಿ ಗಲಾಟೆ ತಟಕ್ಕನೆ ನಿಂತಿತು. ಖಜೂರಿಯ ಬಸವೇಶ್ವರಿ, ದೊಡ್ಡಪ್ಪನವರ ತಂಗಿಯಂತೆ. ಯಾಕೆ ನಿಂತಿತೋ ತಿಳಿಯಲಿಲ್ಲ. ನನ್ನ ಕ್ಯಾಮೆರಾದ ಬ್ಯಾಟರಿ ಆಗಲೇ ಮುಗಿದಿತ್ತು, ಇವರ ಕ್ಯಾಮೆರಾ ನಡೆಯುತ್ತಿತ್ತು.

1 ಮೇ, ಗುರುವಾರ

ಇವರು ಸ್ನಾನಕ್ಕೆ ಹೋದಾಗ ಕರಜಗಿಯ ಮೆಮೊರಿ ಕಾರ್ಡುಗಳನ್ನು ಎಮ್ಮೆಗೆ ಕಾಪಿ ಮಾಡಿಟ್ಟೆ. ಮದುವೆಯಿಂದ ಬಂದ ಕೂಡಲೇ ಎಮ್ಮೆಗೆ ಮೇವು ಹಾಕುವುದು ನನ್ನ ರೂಢಿ. ಜಗಳವಿದೆ ಎಂದು ಮೇವು ತಪ್ಪಿಸಲಾಗುತ್ತದೆಯೇ.

5 ಮೇ, ಸೋಮವಾರ

ಕರಜಗಿಯ ಮದುವೆಯನ್ನು ಬೆಳ್ಳಿ ತಟ್ಟೆ ತಾನೇ ಎಡಿಟ್ ಮಾಡಿ ಮುಗಿಸಿದೆ. ಇವರು ಅತ್ತೆಯವರಿಗೆ ಟಿವಿಯಲ್ಲಿ ಹಾಕಿ ತೋರಿಸಿದರು. ನಾನು ಬಾಗಿಲ ಮರೆಯಲ್ಲಿ ಜೋಳ ಹಸನು ಮಾಡುತ್ತಾ ನೋಡಿದೆ.

ಚೆಂದ ಇತ್ತು, ಸುಳ್ಳು ಹೇಳುವುದಿಲ್ಲ. ಆ ಹೊಸ ಸಾಫ್ಟ್‌ವೇರು ನಗುವ ಮುಖಗಳನ್ನು ಹುಡುಕಿ, ಅವನ್ನೇ ಹಾಡಿಗೆ ತಕ್ಕಂತೆ ಜೋಡಿಸುತ್ತದೆ. ಮದುಮಗಳು ನಗುತ್ತಾಳೆ, ಮಕ್ಕಳು ನಗುತ್ತಾರೆ, ಬಡಿಸುವವನೂ ನಗುತ್ತಾನೆ. ಒಂದು ಇಡೀ ಮದುವೆ ಅರ್ಧ ಗಂಟೆಯೊಳಗೆ ಮುಗಿಯಿತು.

ಆಯೇರಿ ಇಲ್ಲ. ಒಂದೇ ಒಂದು ಟವಲ್ ಕೂಡ ಇಲ್ಲ. ಯಾಕೆಂದು ನನಗೆ ಕೂಡಲೇ ಹೊಳೆಯಿತು. ಆಯೇರಿ ಮಾಡುವಾಗ ಯಾರೂ ನಗುವುದಿಲ್ಲ. ಕೊಡುವವರ ಬೆನ್ನು ಕ್ಯಾಮೆರಾಕ್ಕೆ, ತೆಗೆದುಕೊಳ್ಳುವವರ ಮುಖ ಪರೀಕ್ಷೆಗೆ ಕೂತವರ ಹಾಗೆ ಬಿಗಿ. ತಟ್ಟೆ ಪಾಪ ಅದನ್ನೆಲ್ಲ ಕಸ ಅಂದುಕೊಂಡು ಬಿಟ್ಟಿದೆ. ಇವರಾದರೂ ಒಮ್ಮೆ ಕೂತು ನೋಡಬೇಕಿತ್ತು. ಬಣ್ಣದ ಬೆರಗಿನಲ್ಲಿ ಇವರಿಗೆ ಆಯೇರಿಯ ನೆನಪೇ ಬರಲಿಲ್ಲ.

ಹೇಳಬಹುದಿತ್ತು. ಆದರೆ ಮಾತು ಬಂದ್. ಅತ್ತೆಯವರ ಮೂಲಕ ಹೇಳೋಣವೆಂದರೆ ಅವರಿಗೆ ತೂಕಡಿಕೆ. ಸುಮ್ಮನೆ ಜೋಳ ಹಸನು ಮಾಡಿದೆ. ಇಷ್ಟು ಹಸನಾದ ಜೋಳ ಈ ವರ್ಷದಲ್ಲೇ ಆಗಿರಲಿಲ್ಲ.

7 ಮೇ, ಬುಧವಾರ

ಪೆನ್‌ಡ್ರೈವ್ ಕರಜಗಿಗೆ ಹೋಯಿತು. ನಾನು ಸಜ್ಜಕ ಮಾಡಿದೆ. ಏನು ವಿಶೇಷ ಎಂದು ಅತ್ತೆಯವರು ಕೇಳಿದರು. ಏನಿಲ್ಲ, ಬೆಲ್ಲ ಉಳಿದಿತ್ತು ಅಂದೆ.

11 ಮೇ, ಭಾನುವಾರ

ದೊಡ್ಡಪ್ಪನವರು ಬಂದಿದ್ದರು. ಬೈಯುತ್ತಾರೆ, ಇವರು ತಲೆ ತಗ್ಗಿಸುತ್ತಾರೆ, ನಾನು ಒಳಗೆ ಕೂತು ಕೇಳುತ್ತೇನೆ ಎಂದು ಒಂದು ವಾರದಿಂದ ಕನಸು ಕಂಡಿದ್ದೆ. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ಕಟ್ಟೆಯ ಮೇಲೆ ಟಿವಿ ಇಟ್ಟು, ನೆಂಟರನ್ನೆಲ್ಲ ಕರೆಸಿ, ವಿಡಿಯೊ ಹಾಕಿದ್ದರಂತೆ. ಖಜೂರಿಯಿಂದ ತಂಗಿಯನ್ನೂ ಕರೆಸಿದ್ದರಂತೆ. ತಮ್ಮ ಆಯೇರಿ ಯಾವಾಗ ಬರುತ್ತದೆ ಎಂದು ಎಲ್ಲರೂ ಕಾದರು. ಮದುವೆಯೇ ಮುಗಿದುಹೋಯಿತು. ಉಳಿದವರು ಗೊಣಗಿದರು ಅಷ್ಟೇ, ಬಸವೇಶ್ವರಿ ಮಾತ್ರ ಎದ್ದು ಚೀಲ ತೆಗೆದುಕೊಂಡು ಬಸ್ಸಿಗೆ ಹೋದಳು.

"ಒಂಬತ್ತು ವರ್ಷಕ್ಕ ನನ್ನ ಹೊಸ್ತಿಲ ತುಳದಿದ್ದಳ್ರಿ ಆಕಿ," ಅಂದರು ದೊಡ್ಡಪ್ಪ. "ಹಿರೀ ಮಗಳ ಲಗ್ನ ಗೊತ್ತು ಮಾಡೋವಾಗ ನಾ ಆಕೀಗಿ ಒಂದು ಮಾತು ಕೇಳಿರಲಿಲ್ಲ. ಅದಕ್ಕ ಬಿಟ್ಟಿದ್ದಳು. ಈಗ ತಾನಾಗೇ ಬಂದು ನನಗ ಟವಲ್ ಹಾಕಿದಳು. ಅದನ್ನ ನಾನೇ ಬೇಕಂತ ತೆಗಸೀನಿ ಅಂತ ತಿಳ್ಕೊಂಡಾಳ್ರಿ."

ಮತ್ತೆ ಹಾಕಿಕೊಡಿ, ಅಷ್ಟೇ ಸಾಕು ಅಂದರು. ಇವರು ತಟ್ಟೆಯನ್ನು ತೆರೆದು ಹುಡುಕಿದರು. ಹುಡುಕುತ್ತಲೇ ಇದ್ದರು. ನನಗೆ ಗೊತ್ತಿತ್ತು, ಅದರ ಹೊಟ್ಟೆ ಚಿಕ್ಕದು. ಬಸವ ಜಯಂತಿಯ ನಂತರ ಎರಡು ಮದುವೆ ತುಂಬಿಸಲು ಕರಜಗಿಯ ಮೂಲ ವಿಡಿಯೊ ಅಳಿಸಿದ್ದಾರೆ. ಕಾರ್ಡುಗಳ ಮೇಲೂ ಬೇರೆ ಮದುವೆ ಏರಿದೆ. ಇವರ ಕಿವಿ ಕೆಂಪಾಗಿ, ಆಮೇಲೆ ಬಿಳುಚಿತು. ನೋಡುತ್ತೇನೆ, ಎರಡು ದಿನ ಕೊಡಿ ಅಂದರು.

ನಾನು ಗೆದ್ದಿದ್ದೆ. ಗೆದ್ದಾಗ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆ ಹೆಂಗಸು ಚೀಲ ಹಿಡಿದು ಬಸ್ಸಿಗೆ ಕಾದಿದ್ದೇ ಕಣ್ಣ ಮುಂದೆ ಬಂತು. ನಾನು ಅಂದು ಬಾಗಿಲ ಮರೆಯಿಂದ ಒಂದು ಮಾತು ಅಂದಿದ್ದರೆ ಸಾಕಿತ್ತು. ಒಂಬತ್ತು ವರ್ಷ ಅಂದರೇನು ಕಡಿಮೆಯೇ. ನನ್ನದು ಇನ್ನೂ ಒಂದು ತಿಂಗಳೂ ಆಗಿಲ್ಲ, ಆಗಲೇ ಮನೆ ಬಿಕೋ ಅನ್ನುತ್ತದೆ.

ದೊಡ್ಡಪ್ಪನವರು ಮೆಟ್ಟಿಲಿಳಿಯುವ ಮೊದಲೇ ಹೊರಗೆ ಬಂದೆ.

"ಕರಜಗಿದು ಪೂರಾ ಎಮ್ಮೀ ಹೊಟ್ಟ್ಯಾಗ ಅದ," ಅಂದೆ.

ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಹೇಳುವಾಗ ನಾನು ಅತ್ತೆಯವರ ಕಡೆ ಮುಖ ಮಾಡಿದ್ದೆ. ಆದ್ದರಿಂದ ಸೋತಿಲ್ಲ.

12 ಮೇ, ಸೋಮವಾರ

ಎಮ್ಮೆ ಏಳಲಿಲ್ಲ.

ನಿನ್ನೆಯಿಂದ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಗುರುಗುಡಲಿಲ್ಲ. ಇನ್ನೊಮ್ಮೆ ಒತ್ತಿದೆ. ಸುಟ್ಟ ವಾಸನೆ ಬಂತು. ಅಳು ಬಂತು. ಕರಜಗಿಗಾಗಿಯೋ ಎಮ್ಮೆಗಾಗಿಯೋ ನನಗೇ ಗೊತ್ತಾಗಲಿಲ್ಲ.

ಇವರು ಬಂದು ನೆಲದ ಮೇಲೆ ಕೂತರು. ಸ್ಕ್ರೂಡ್ರೈವರ್ ಬೇಕೆಂದು ಅತ್ತೆಯವರಿಗೆ ಹೇಳಲಿಲ್ಲ, ಸುಮ್ಮನೆ ಕೈ ಚಾಚಿದರು. ಕೊಟ್ಟೆ. ಎಮ್ಮೆಯ ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ಧೂಳು, ಒಂದು ಹಲ್ಲಿಯ ಮೊಟ್ಟೆ. ಬಾಯಿಯಿಂದ ಊದಿದರು, ಧೂಳು ಇವರ ಮೀಸೆಯ ಮೇಲೆಯೇ ಕೂತಿತು. ಕರೆಂಟು ಕೊಡುವ ಡಬ್ಬಿ ಮಾತ್ರ ಸುಟ್ಟಿದೆ, ಹಾರ್ಡ್‌ಡಿಸ್ಕ್ ಗಟ್ಟಿಯಾಗಿರಬೇಕು ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. ಡಿಸ್ಕನ್ನು ಬಿಚ್ಚಿ, ಮೂಲೆಯಲ್ಲಿದ್ದ ಹಳೆಯ ಡಿಸ್ಕ್ ಡಬ್ಬಿಯೊಳಗೆ ಕೂರಿಸಿ, ಆ ನಾಲ್ಕು ಬಾಲದ ಅಡಾಪ್ಟರಿನ ಒಂದು ಬಾಲಕ್ಕೆ ಸಿಕ್ಕಿಸಿದರು. ಎಮ್ಮೆಯ ಹೊಟ್ಟೆಯಲ್ಲಿದ್ದುದು ಬೆಳ್ಳಿ ತಟ್ಟೆಯ ಮೇಲೆ ಬಂತು. ಕರಜಗಿ ಇತ್ತು, ಪೂರಾ ಇತ್ತು.

ಇವರು ಕುರ್ಚಿಯಿಂದ ಎದ್ದರು. ಗೋಡೆಗೆ ಆನಿಸಿ ನಿಲ್ಲಿಸಿದ್ದ ನನ್ನ ಕೀಬೋರ್ಡನ್ನು ತಂದು, ಲುಂಗಿಯ ಅಂಚಿನಿಂದ ಒರೆಸಿ, ತಟ್ಟೆಯ ಮುಂದೆ ಇಟ್ಟರು. ನನ್ನ ಮೌಸನ್ನೂ ತಂದರು, ಎರಡನ್ನೂ ಉಳಿದ ಬಾಲಗಳಿಗೆ ಚುಚ್ಚಿದರು.

"ನೀನ ಕೂಡು. ಆಯೇರಿ ನನಗ ತಿಳ್ಯಾಂಗಿಲ್ಲ," ಅಂದರು.

ಮೊದಲ ಮಾತು ಅವರದೇ. ಅತ್ತೆಯವರು ಸಾಕ್ಷಿ.

13 ಮೇ, ಮಂಗಳವಾರ

ಮಧ್ಯಾಹ್ನದಿಂದ ಆಯೇರಿ ಎಡಿಟ್ ಮಾಡಿದೆ. ಮೈಕು ಗೊರಗೊರ ಅನ್ನುವಲ್ಲೆಲ್ಲ ಕೆಳಗೆ ಹೆಸರು ಬರೆಯಬೇಕಿತ್ತು. ಇವರು ಪಕ್ಕದಲ್ಲಿ ಕೂತು ಹೆಸರು ಹೇಳಿದರು, ನಾನು ಟೈಪ್ ಮಾಡಿದೆ. ಅದು ಕಾಕಾನೋ ಮಾವನೋ ಎಂದು ವಾದವಾಯಿತು. ಸೀರೆ ಇಳಕಲ್ಲಿನದು ಎಂದು ನಾನು, ಸೊಲ್ಲಾಪುರದ್ದು ಎಂದು ಇವರು. ಬಣ್ಣ ಇಷ್ಟು ಸ್ಪಷ್ಟವಾಗಿರುವಾಗ ನಿಮಗೆ ಕಾಣುವುದಿಲ್ಲವೇ ಎಂದು ಬೈದೆ. ಇದನ್ನೆಲ್ಲ ಮಾತು ಎಂದು ಎಣಿಸಬಾರದು, ಕೆಲಸ ಅಷ್ಟೇ. ತಪ್ಪಾಯಿತು ಎಂದು ಇವರು ಇನ್ನೂ ಅಂದಿಲ್ಲವಲ್ಲ, ಬಂದ್ ಹಾಗೆಯೇ ಇದೆ.

ಬಸವೇಶ್ವರಿಯ ಸರದಿ ಬಂತು. ತೆಳು ಮೈಕಟ್ಟಿನ ಹೆಂಗಸು, ಕ್ಯಾಮೆರಾಕ್ಕೆ ಬೆನ್ನು. ಅಣ್ಣನಿಗೆ ಟವಲ್ ಹೊದಿಸಿದಳು, ಟೋಪಿ ಇಟ್ಟಳು. ಅತ್ತಿಗೆಯ ಉಡಿಗೆ ಸೀರೆ ಹಾಕಿದಳು. ಹೊರಟವಳು ಮತ್ತೆ ತಿರುಗಿ, ಅಣ್ಣನ ಹೆಗಲ ಮೇಲೆ ಟವಲ್ ಸರಿಯಾಗಿಯೇ ಇದ್ದರೂ ಇನ್ನೊಮ್ಮೆ ಸರಿ ಮಾಡಿದಳು. ಕೈಯನ್ನು ಅಲ್ಲೇ ಇಟ್ಟಳು. ಇಬ್ಬರೂ ನಗಲಿಲ್ಲ. ಮೈಕಿನವನು ಮುಂದಿನ ಹೆಸರು ಕೂಗಿಬಿಟ್ಟ, ಆ ಕೈ ಇನ್ನೂ ಅಲ್ಲೇ ಇತ್ತು.

ನನಗೆ ಅಳು ತಡೆಯಲಾಗಲಿಲ್ಲ. ಇವರೂ ಮೂಗು ಒರೆಸಿಕೊಂಡರು. ಅದೊಂದು ಜಾಗವನ್ನು ನಾನು ಕತ್ತರಿಸಲೇ ಇಲ್ಲ, ಇದ್ದಷ್ಟೂ ಬಿಟ್ಟೆ. ಆ ಹೆಬ್ಬೆರಳು ಟವಲ್ಲಿನ ಅಂಚನ್ನು ಮೆಲ್ಲಗೆ ಸವರಿದ್ದು ಈ ಪರದೆಯಲ್ಲಿ ಕಂಡಿತು. ಎಮ್ಮೆಯಲ್ಲಾಗಿದ್ದರೆ ಕಾಣುತ್ತಿರಲಿಲ್ಲ ಎಂದು ಬರೆಯಲು ಮನಸ್ಸಿಲ್ಲ, ಆದರೆ ಕಾಣುತ್ತಿರಲಿಲ್ಲ.

17 ಮೇ, ಶನಿವಾರ

ಪೆನ್‌ಡ್ರೈವನ್ನು ಕರಜಗಿಗೆ ಇವರೇ ಒಯ್ದರು, ಇನ್ನೊಂದನ್ನು ನಾವಿಬ್ಬರೂ ಖಜೂರಿಗೆ ಒಯ್ದೆವು. ಬಸವೇಶ್ವರಿಯ ಮನೆ ರಸ್ತೆಯ ಪಕ್ಕದಲ್ಲಿದೆ, ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳ ಸದ್ದಿಗೆ ಟಿವಿ ಕೇಳಿಸುವುದಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ತನ್ನ ಆಯೇರಿ ನೋಡಿದಳು. ಮತ್ತೊಮ್ಮೆ ಹಾಕು ಅಂದಳು. ಆಮೇಲೆ ಫೋನ್ ತೆಗೆದು ಅಣ್ಣನಿಗೆ ಹಚ್ಚಿ, ಟೋಪಿ ಸೊಟ್ಟಗೆ ಕೂತಿತ್ತಲ್ಲ, ನೀನಾದರೂ ಹೇಳಬಾರದಿತ್ತೇ ಎಂದು ಬೈದಳು. ಆ ಕಡೆಯಿಂದ ನಗು ಕೇಳಿಸಿತು.

ಬರುವಾಗ ಬೈಕಿನ ಮೇಲೆ ಇವರ ಜೊತೆ ಬಹಳ ಮಾತಾಡಿದೆ. ಗಾಳಿಗೆ ಅರ್ಧ ಕೇಳಿಸಿರಲಿಕ್ಕಿಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ.

24 ಮೇ, ಶನಿವಾರ

ಪುರಸೊತ್ತಿಲ್ಲ. ಜೇವರ್ಗಿಯಿಂದ ಒಂದು ಮದುವೆ, ಆಯೇರಿ ಪೂರಾ ಇರುತ್ತದಂತೆ ಹೌದೇ ಎಂದು ಕೇಳಿಕೊಂಡು ಬಂದರು. ಎಮ್ಮೆಗೆ ಇವರು ಹೊಸ ಕರೆಂಟು ಡಬ್ಬಿ ಹಾಕಿದ್ದಾರೆ. ಮೇಜಿನ ಕೆಳಗೆ ಮೇವು ತಿನ್ನುತ್ತಾ ಗುರುಗುಡುತ್ತದೆ. ಎಕ್ಸ್‌ಚೇಂಜಿನ ಸುದ್ದಿಯನ್ನು ಯಾರೂ ಎತ್ತಿಲ್ಲ. ನನ್ನ ತಟ್ಟೆಯ ಮೇಲೆ ಇವರು ಚಹಾದ ಕಪ್ ಇಟ್ಟಿದ್ದರು, ಚೆನ್ನಾಗಿ ಬೈದೆ.

3 ಜೂನ್, ಮಂಗಳವಾರ

ಸೀಜನ್ ಮುಗಿಯಿತು. ಡೈರಿ ಎಲ್ಲಿ ಹೋಯಿತೆಂದು ಹುಡುಕಿದರೆ ಮತ್ತೆ ಹಾಲಿನ ಪಾತ್ರೆಯ ಕೆಳಗಿತ್ತು. ಅತ್ತೆಯವರು, "ಜಯಮಾಲಾ, ನಿಮ್ಮ ಮಾತು ಬಂದ್ ಯಾವಾಗ ಮುಗೀತವ್ವ? ನನಗ ನಿದ್ದಿ ಹತ್ತಿದಾಗ ಮುಗೀತೇನು?" ಎಂದು ಕೇಳಿದರು. ಮುಗಿದಿಲ್ಲ, ನಡೆದಿದೆ ಅಂದೆ. ಅವರು ನಕ್ಕು ರಿಮೋಟ್ ಒತ್ತಿದರು.

ಮಧ್ಯಾಹ್ನ ಇವರು ಫೋನಿನಲ್ಲಿ ಒಂದು ಡ್ರೋನ್ ತೋರಿಸಿದರು. ಅಂಗೈಯಷ್ಟು ಇದೆ. ಮಂಟಪದ ಮೇಲೆ ಹಾರಿ ಇಡೀ ಆಯೇರಿಯ ಸಾಲನ್ನು ಒಂದೇ ನೋಟದಲ್ಲಿ ಹಿಡಿಯುತ್ತದಂತೆ. ಗಡ್ಡ ಕೆರೆದುಕೊಂಡರು. ಫೋನನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡರು.

"ತಗೊಳ್ಳೂಣೇನು? ನೀ ಹೂಂ ಅಂದ್ರ ಅಷ್ಟ," ಅಂದರು.

ಕೇಳಿದರು. ನನ್ನನ್ನು ಕೇಳಿದರು. ಕರಜಗಿಯ ಕಬ್ಬಿನ ಹೊಲದ ಮೇಲೆ ಅದು ಹಾರಿದರೆ ಹೇಗಿರುತ್ತದೆ ಎಂದು ನಾನು ಆಗಲೇ ಮನಸ್ಸಿನಲ್ಲಿ ಎಡಿಟ್ ಮಾಡಲು ಶುರು ಮಾಡಿದ್ದೆ. ಯಾವ ಬಣ್ಣದ್ದು ತರಬೇಕೆಂದೂ ತೀರ್ಮಾನವಾಗಿತ್ತು.

ಬೇಡ ಅಂದೆ.

ಪಾಪ, ಮುಖ ಸಣ್ಣಗೆ ಮಾಡಿಕೊಂಡು ಹೋಗಿದ್ದಾರೆ. ನಾಳೆ ಇನ್ನೊಮ್ಮೆ ಕೇಳುತ್ತಾರೆ. ನಾಳೆಯೂ ಬೇಡ ಅನ್ನುತ್ತೇನೆ. ನಾಡಿದ್ದು ಹೂಂ ಅನ್ನುತ್ತೇನೆ.